ಶೇಂಗಾ ತಳಿ ಸಂಶೋಧನೆ: ಪ್ರಯೋಗಾಲಯ ಗೆದ್ದಿದೆ, ಬಿತ್ತನೆ ಬೀಜ ಸೋತಿದೆ

1940ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ತಿಂಡಿವನಂ ಸಂಶೋಧನಾ ಕೇಂದ್ರವು ಟಿಎಂವಿ–2 ಎಂಬ ಶೇಂಗಾ ತಳಿಯನ್ನು ಬಿಡುಗಡೆ ಮಾಡಿತು. ಗುಡಿಯಾತ್ತಂ ಭಾಗದಲ್ಲಿ ಬೆಳೆಯುತ್ತಿದ್ದ ಗೊಂಚಲು ಜಾತಿಯ ಶೇಂಗಾದಿಂದ ಒಳ್ಳೆಯ ಗಿಡಗಳನ್ನು ಆರಿಸಿ ರೂಪಿಸಿದ ತಳಿ ಅದು. 1970ರ ದಶಕದ ಕೊನೆಯಲ್ಲಿ ಮಹಾರಾಷ್ಟ್ರದ ಜಳಗಾಂವ್‌ನಿಂದ ಜೆಎಲ್–24 ಬಂತು. ಆ ನಂತರ ದೇಶದಲ್ಲಿ ನೂರಾರು ಶೇಂಗಾ ತಳಿಗಳು ಬಿಡುಗಡೆಯಾಗಿವೆ. ರೋಗ ತಡೆಯುವ ತಳಿಗಳು, ಬರ ತಾಳುವ ತಳಿಗಳು, ಎಣ್ಣೆಯ ಗುಣ ಹೆಚ್ಚಿಸಿದ ತಳಿಗಳು ಬಂದಿವೆ. ಆದರೂ ಕರ್ನಾಟಕ ಮತ್ತು ಆಂಧ್ರಪ್ರದೇಶದ ಮಳೆಯಾಶ್ರಿತ ಹೊಲಗಳಲ್ಲಿ ಟಿಎಂವಿ–2 ಮತ್ತು ಜೆಎಲ್–24 ದಶಕಗಳ ಕಾಲ ಮೇಲುಗೈ ಉಳಿಸಿಕೊಂಡು ಬಂದವು, ಇಂದಿಗೂ ಅನೇಕ ಕಡೆ ಬಿತ್ತನೆಯಾಗುತ್ತಿವೆ. ಸ್ವಾತಂತ್ರ್ಯಕ್ಕೂ ಮೊದಲಿನ ತಳಿಯೊಂದು ಇಷ್ಟು ಕಾಲ ಬಾಳಿದ್ದು ಅದರ ಗುಣಕ್ಕೆ ಸಾಕ್ಷಿಯೇ ಸರಿ. ಆದರೆ ನಮ್ಮ ಕೃಷಿ ವ್ಯವಸ್ಥೆಯ ದೊಡ್ಡದೊಂದು ಕೊರತೆಗೂ ಅದೇ ಸಾಕ್ಷಿ.

ಈ ವಿಷಯವನ್ನು ಈಗ ಚರ್ಚಿಸಲು ಕಾರಣವಿದೆ. ಭಾರತವು ತನಗೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿದೆ. ಈ ಅವಲಂಬನೆ ತಗ್ಗಿಸಲು ಕೇಂದ್ರ ಸಚಿವ ಸಂಪುಟವು 2024ರ ಅಕ್ಟೋಬರ್‌ನಲ್ಲಿ 10,103 ಕೋಟಿ ರೂಪಾಯಿ ವೆಚ್ಚದ ಎಣ್ಣೆಕಾಳು ಮಿಷನ್‌ಗೆ ಒಪ್ಪಿಗೆ ನೀಡಿತು. 2022–23ರಲ್ಲಿ 390 ಲಕ್ಷ ಟನ್ ಇದ್ದ ಎಣ್ಣೆಕಾಳು ಉತ್ಪಾದನೆಯನ್ನು 2030–31ರ ಹೊತ್ತಿಗೆ 697 ಲಕ್ಷ ಟನ್‌ಗೆ ಏರಿಸುವುದು ಅದರ ಗುರಿ. ಶೇಂಗಾ ಈ ಲೆಕ್ಕದ ಮುಖ್ಯ ಬೆಳೆಗಳಲ್ಲೊಂದು. ದೇಶದ ಶೇಂಗಾ ಇಳುವರಿಯ ಸರಾಸರಿ ಹೆಕ್ಟೇರಿಗೆ ಎರಡು ಟನ್‌ನ ಆಸುಪಾಸಿನಲ್ಲಿದೆ. ಅಮೆರಿಕದಲ್ಲಿ ಅದು ನಾಲ್ಕು ಟನ್ ದಾಟಿದೆ. ನಮ್ಮ ಸರಾಸರಿಯನ್ನು ಇಷ್ಟಕ್ಕಾದರೂ ಎತ್ತಿ ಹಿಡಿದಿರುವುದು ಗುಜರಾತ್. ಕರ್ನಾಟಕದ ಸರಾಸರಿ ಅದಕ್ಕಿಂತ ಸಾಕಷ್ಟು ಕೆಳಗಿದೆ. ಚಳ್ಳಕೆರೆ, ಪಾವಗಡ, ಶಿರಾ, ಗದಗ, ಕೊಪ್ಪಳದ ಬಹುಪಾಲು ಶೇಂಗಾ ಮುಂಗಾರು ಮಳೆಯನ್ನೇ ನಂಬಿದ ಬೆಳೆ ಎಂಬುದು ಇದಕ್ಕೆ ಒಂದು ಕಾರಣ. ಎಲೆಗೆ ಬರುವ ರೋಗ ಎರಡನೆಯದು. ಮಳೆ ನಮ್ಮ ಕೈಯಲ್ಲಿಲ್ಲ. ರೋಗದ ವಿಷಯ ಹಾಗಲ್ಲ. ಅದಕ್ಕೆ ಬೇಕಾದ ವಿಜ್ಞಾನ ಧಾರವಾಡದಲ್ಲಿಯೇ ಇಪ್ಪತ್ತು ವರ್ಷಗಳಿಂದ ಸಿದ್ಧವಾಗಿದೆ. ಅದು ಹೊಲ ತಲುಪಲು ಏಕೆ ಇಷ್ಟು ತಡವಾಯಿತು ಎಂಬುದನ್ನು ಅರ್ಥ ಮಾಡಿಕೊಳ್ಳದೆ ಹೊಸ ಮಿಷನ್‌ನಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ಕಷ್ಟ.

ಮೊದಲು ರೋಗವನ್ನು ಹತ್ತಿರದಿಂದ ನೋಡೋಣ. ರೈತರು ಸಾಮಾನ್ಯವಾಗಿ ತಿಕ್ಕಾ ರೋಗ ಎನ್ನುವುದರಲ್ಲಿ ಎರಡು ಬೇರೆ ಬೇರೆ ಶಿಲೀಂಧ್ರಗಳ ಕೆಲಸ ಸೇರಿಕೊಂಡಿದೆ. ಬಿತ್ತಿದ ಒಂದು ತಿಂಗಳ ಹೊತ್ತಿಗೆ ಎಲೆಯ ಮೇಲ್ಭಾಗದಲ್ಲಿ ಕಂದು ಬಣ್ಣದ, ಸುತ್ತ ಹಳದಿ ಉಂಗುರವಿರುವ ಚುಕ್ಕೆಗಳು ಕಂಡರೆ ಅದು ಮುಂಚಿನ ಎಲೆಚುಕ್ಕೆ ರೋಗ. ಎರಡು ತಿಂಗಳ ಸುಮಾರಿಗೆ ಎಲೆಯ ಕೆಳಭಾಗದಲ್ಲಿ ಕಡುಗಪ್ಪಾದ, ಬೆರಳಿಗೆ ಒರಟಾಗಿ ತಾಗುವ ಚುಕ್ಕೆಗಳು ಎದ್ದರೆ ಅದು ತಡವಾಗಿ ಬರುವ ಎಲೆಚುಕ್ಕೆ. ನಮ್ಮಲ್ಲಿ ಹೆಚ್ಚು ಹಾನಿ ಮಾಡುವುದು ಈ ಎರಡನೆಯದು. ಮೂರನೆಯದು ತುಕ್ಕು ರೋಗ. ಎಲೆಯ ತಳದಲ್ಲಿ ಕಿತ್ತಳೆ ಬಣ್ಣದ ಸಣ್ಣ ಗುಳ್ಳೆಗಳಾಗಿ, ಅವು ಒಡೆದಾಗ ತುಕ್ಕಿನ ಪುಡಿ ಉದುರುತ್ತದೆ. ಚುಕ್ಕೆ ರೋಗ ಬಿದ್ದ ಎಲೆಗಳು ಕಳಚಿ ನೆಲಕ್ಕೆ ಬೀಳುತ್ತವೆ, ತುಕ್ಕು ಹಿಡಿದ ಎಲೆಗಳು ಸುಟ್ಟಂತೆ ಒಣಗಿ ಗಿಡದಲ್ಲೇ ತೂಗಾಡುತ್ತವೆ. ಹೊಲದಲ್ಲಿ ಇವೆರಡನ್ನೂ ಬೇರ್ಪಡಿಸಿ ಗುರುತಿಸಲು ಇದಕ್ಕಿಂತ ಸುಲಭದ ಲಕ್ಷಣವಿಲ್ಲ. ಆದರೆ ಅನೇಕ ಬಾರಿ ಎರಡೂ ಒಟ್ಟಿಗೇ ಬಂದು ಕಾಯಿ ತುಂಬುವ ಹೊತ್ತಿಗೆ ಗಿಡದಲ್ಲಿ ಹಸಿರೇ ಉಳಿಯದಂತೆ ಮಾಡುತ್ತವೆ. ರೋಗ ತೀವ್ರವಾದ ವರ್ಷ ಇಳುವರಿಯ ಅರ್ಧಕ್ಕಿಂತ ಹೆಚ್ಚು ನಷ್ಟವಾಗುವುದುಂಟು. ನಷ್ಟ ಕಾಯಿಗೆ ಮಾತ್ರವಲ್ಲ. ಎಲೆಯೇ ಇಲ್ಲದ ಶೇಂಗಾ ಹೊಟ್ಟು ದನಕ್ಕೆ ಮೇವಾಗುವುದಿಲ್ಲ, ಎರಡು ಎತ್ತು, ಒಂದು ಎಮ್ಮೆ ಕಟ್ಟಿಕೊಂಡ ಒಣಬೇಸಾಯದ ಮನೆಗೆ ಅದು ಕಾಳಿನಷ್ಟೇ ದೊಡ್ಡ ಪೆಟ್ಟು.

ಟಿಎಂವಿ–2ರ ವಿಷಯದಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಶೇಂಗಾದ ತುಕ್ಕು ರೋಗ 1960ರ ದಶಕದ ಕೊನೆಯವರೆಗೂ ಬಹುಮಟ್ಟಿಗೆ ಅಮೆರಿಕ ಖಂಡಗಳಿಗೆ ಸೀಮಿತವಾಗಿತ್ತು. ಆಮೇಲೆ ಕೆಲವೇ ವರ್ಷಗಳಲ್ಲಿ ಭಾರತವೂ ಸೇರಿದಂತೆ ಶೇಂಗಾ ಬೆಳೆಯುವ ಹೆಚ್ಚಿನ ದೇಶಗಳಿಗೆ ಹರಡಿತು. ಅಂದರೆ 1940ರಲ್ಲಿ ಟಿಎಂವಿ–2ನ್ನು ಆರಿಸಿದವರ ಹೊಲದಲ್ಲಿ ಆ ರೋಗವೇ ಇರಲಿಲ್ಲ. ಇಲ್ಲದ ರೋಗವನ್ನು ತಡೆಯುವ ಗುಣವನ್ನು ಯಾರೂ ಆರಿಸಲು ಸಾಧ್ಯವಿಲ್ಲ. ಹಳೆಯ ತಳಿಯೊಂದು ರೋಗಕ್ಕೆ ಸುಲಭವಾಗಿ ತುತ್ತಾದಾಗ ತಳಿ ‘ಕೆಟ್ಟಿತು’ ಎನ್ನುವುದು ವಾಡಿಕೆ. ನಿಜದಲ್ಲಿ ತಳಿ ಹಾಗೆಯೇ ಇದೆ, ಅದು ಬೆಳೆಯಬೇಕಾದ ಪರಿಸರ ಬದಲಾಗಿದೆ.

ಔಷಧಿ ಸಿಂಪಡಿಸಿ ಈ ರೋಗಗಳನ್ನು ಹತೋಟಿಯಲ್ಲಿಡಬಹುದು. ಕ್ಲೋರೋಥಲೋನಿಲ್, ಮ್ಯಾಂಕೋಜೆಬ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್‌ನಂತಹ ಶಿಲೀಂಧ್ರನಾಶಕಗಳನ್ನು ಎರಡು ಮೂರು ಬಾರಿ ಸಿಂಪಡಿಸಬೇಕೆಂಬುದು ಸಾಮಾನ್ಯ ಶಿಫಾರಸು. ನೀರಾವರಿ ರೈತರು ಅದನ್ನು ಪಾಲಿಸುತ್ತಾರೆ. ಮಳೆಯಾಶ್ರಿತ ರೈತನ ಸ್ಥಿತಿ ಬೇರೆ. ಎಡೆಬಿಡದೆ ಜಿನುಗುವ ಮಳೆಯಲ್ಲೇ ರೋಗ ಹರಡುತ್ತದೆ, ಅದೇ ಮಳೆಯಲ್ಲಿ ಸಿಂಪಡಣೆ ಸಾಧ್ಯವಾಗುವುದಿಲ್ಲ. ಮಳೆ ಕೈಕೊಟ್ಟರೆ ಹಾಕಿದ ಬೀಜದ ಹಣವೇ ಬರುವುದು ಸಂಶಯವಾಗಿರುವಾಗ ಔಷಧಿಗೆ ಮತ್ತೆ ಸಾಲ ಮಾಡುವುದು ವಿವೇಕವೂ ಅಲ್ಲ. ಆದ್ದರಿಂದ ಇಂತಹ ರೈತರಿಗೆ ರೋಗ ನಿರೋಧಕ ಗುಣ ಬೀಜದೊಳಗೇ ಬರಬೇಕು. ಅದೊಂದೇ ಖರ್ಚಿಲ್ಲದ ರಕ್ಷಣೆ.

ಶೇಂಗಾದಲ್ಲಿ ಅಂತಹ ಗುಣವನ್ನು ಕೂಡಿಸುವುದು ಭತ್ತ, ಜೋಳದಲ್ಲಿ ಮಾಡಿದಷ್ಟು ಸುಲಭವಲ್ಲ. ನಾವು ಬೆಳೆಯುವ ಶೇಂಗಾ ದಕ್ಷಿಣ ಅಮೆರಿಕದಲ್ಲಿ, ಇಂದಿನ ಬೊಲಿವಿಯಾ ಮತ್ತು ಅರ್ಜೆಂಟೀನಾ ಗಡಿಯ ಸುತ್ತಮುತ್ತ, ಎರಡು ಕಾಡು ಜಾತಿಗಳು ತಾವಾಗಿ ಸಂಕರಗೊಂಡು ಹುಟ್ಟಿದ ಗಿಡ. ಆ ಎರಡು ಪೂರ್ವಜರಲ್ಲಿ ತಲಾ 20 ವರ್ಣತಂತುಗಳು (ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತಿರುವ ಎಳೆಗಳು, ಕ್ರೋಮೋಸೋಮ್). ಸಂಕರದ ನಂತರ ಎಲ್ಲವೂ ದ್ವಿಗುಣಗೊಂಡು ಶೇಂಗಾದಲ್ಲಿ 40 ಆದವು. ಈ ಘಟನೆ ಬಹುಶಃ ಒಂದೇ ಬಾರಿ, ಅಥವಾ ಬೆರಳೆಣಿಕೆಯಷ್ಟು ಬಾರಿ ನಡೆದಿದೆ, ಅದೂ ಇತ್ತೀಚೆಗೆ, ಹತ್ತು ಸಾವಿರ ವರ್ಷಗಳೊಳಗೆ. ಹೀಗಾಗಿ ಜಗತ್ತಿನ ಎಲ್ಲ ಶೇಂಗಾ ತಳಿಗಳೂ ಬಹಳ ಕಿರಿದಾದ ಮೂಲದಿಂದ ಬಂದ ದಾಯಾದಿಗಳು. ನೋಡಲು ಗೊಂಚಲು, ಹಬ್ಬು, ದಪ್ಪ ಕಾಳು, ಸಣ್ಣ ಕಾಳು ಎಂದು ವೈವಿಧ್ಯ ಕಂಡರೂ ಆನುವಂಶಿಕವಾಗಿ ಒಳಗಿನ ವ್ಯತ್ಯಾಸ ಕಡಿಮೆ. ರೋಗ ತಡೆಯುವ ಗಟ್ಟಿ ಗುಣಗಳು ಇರುವುದು ಕಾಡು ಬಂಧುಗಳಲ್ಲಿ. ಆದರೆ 20 ವರ್ಣತಂತುಗಳ ಕಾಡು ಗಿಡವನ್ನು 40 ವರ್ಣತಂತುಗಳ ಶೇಂಗಾದೊಂದಿಗೆ ನೇರವಾಗಿ ಸಂಕರಿಸಿದರೆ 30 ವರ್ಣತಂತುಗಳ ಗಿಡ ಹುಟ್ಟುತ್ತದೆ, ಅದು ಬಹುಪಾಲು ಬಂಜೆ. ಕೊಲ್ಚಿಸಿನ್ ಎಂಬ ರಾಸಾಯನಿಕದಿಂದ ಅದರ ವರ್ಣತಂತುಗಳನ್ನು ದ್ವಿಗುಣಗೊಳಿಸಿ, ಆಮೇಲೆ ತಲೆಮಾರುಗಟ್ಟಲೆ ಬೆಳೆಸಿ ಮತ್ತೆ 40ಕ್ಕೆ ಇಳಿಯುವ ಗಿಡಗಳನ್ನು ಆರಿಸುತ್ತಾ ಹೋಗಬೇಕು.

ಸಾಮಾನ್ಯ ಸಂಕರವೂ ತಾಳ್ಮೆಯ ಕೆಲಸವೇ. ಶೇಂಗಾ ಹೂವು ಸೂರ್ಯೋದಯದ ಹೊತ್ತಿಗೆ ಅರಳುತ್ತದೆ, ಅಷ್ಟರೊಳಗೆ ತನ್ನದೇ ಪರಾಗದಿಂದ ಅದರ ಪರಾಗಸ್ಪರ್ಶ ಮುಗಿದಿರುತ್ತದೆ. ಹಾಗಾಗಿ ತಾಯಿ ಗಿಡದ ಮೊಗ್ಗನ್ನು ಹಿಂದಿನ ಸಂಜೆಯೇ ಬಿಡಿಸಿ, ಚಿಮುಟದ ತುದಿಯಿಂದ ಪರಾಗಕೋಶಗಳನ್ನು ಒಂದೊಂದಾಗಿ ತೆಗೆಯಬೇಕು. ಮೊಗ್ಗಿನ ಕೆಳಗಿರುವುದು ದಾರದಷ್ಟು ತೆಳುವಾದ ಕೊಳವೆ. ಸ್ವಲ್ಪ ಜಗ್ಗಿದರೂ ಎಲ್ಲವೂ ವ್ಯರ್ಥ. ಮರುದಿನ ಬೆಳಿಗ್ಗೆ ತಂದೆ ಗಿಡದ ಹೂವಿನಿಂದ ಪರಾಗ ತಂದು ಸವರಬೇಕು, ಗುರುತಿಗೆ ಬಣ್ಣದ ದಾರ ಕಟ್ಟಬೇಕು, ಅದೇ ಗಿಡದಲ್ಲಿ ತಾನಾಗಿ ಅರಳಿದ ಉಳಿದ ಹೂಗಳನ್ನು ದಿನವೂ ಕಿತ್ತು ಹಾಕಬೇಕು. ಫಲಿತವಾದ ಹೂವಿನಿಂದ ಸೂಜಿಯಂತೆ ಚೂಪಾದ ತೊಟ್ಟು ಮಣ್ಣಿಗಿಳಿದ ಮೇಲೆ ಯಾವ ಕಾಯಿ ಸಂಕರದ್ದು, ಯಾವುದು ಅಲ್ಲ ಎಂದು ಹೇಳಲು ಆ ದಾರವೊಂದೇ ಆಧಾರ. ಇಷ್ಟೆಲ್ಲ ಮಾಡಿದ ನಂತರ ಒಂದು ಹೂವಿನಿಂದ ಸಿಗುವುದು ಒಂದು ಅಥವಾ ಎರಡು ಕಾಳು. ಬಿಡುಗಡೆಯಾದ ಪ್ರತಿಯೊಂದು ತಳಿಯ ಹಿಂದೆಯೂ ಹೀಗೆ ಸಂಜೆ ಮುಂಜಾನೆ ಬಾಗಿ ಕುಳಿತು ದುಡಿದ, ಹೆಸರು ಎಲ್ಲೂ ದಾಖಲಾಗದ ಸಂಶೋಧನಾ ಸಹಾಯಕರು ಮತ್ತು ಕೂಲಿ ಮಹಿಳೆಯರು ಇದ್ದಾರೆ.

ಕಾಡು ಬಂಧುಗಳ ಪೈಕಿ ಅರಾಕಿಸ್ ಕಾರ್ಡೆನಾಸಿ ಎಂಬ ಜಾತಿಯ ಕಥೆ ವಿಶೇಷವಾದದ್ದು. ಬೊಲಿವಿಯಾದಲ್ಲಿ ಸಂಗ್ರಹಿಸಿದ, ಜಿಕೆಪಿ 10017 ಎಂಬ ಸಂಖ್ಯೆಯ ಒಂದು ಮಾದರಿಯನ್ನು 1960ರ ದಶಕದಲ್ಲಿ ಶೇಂಗಾದೊಂದಿಗೆ ಸಂಕರಿಸುವ ಕೆಲಸ ಆರಂಭವಾಯಿತು. ಆ ಸಂತತಿಯ ಬೀಜಗಳು ಸಂಸ್ಥೆಯಿಂದ ಸಂಸ್ಥೆಗೆ, ದೇಶದಿಂದ ದೇಶಕ್ಕೆ ಮುಕ್ತವಾಗಿ ಹಂಚಿಕೆಯಾದವು. 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಈ ಒಂದೇ ಕಾಡು ಗಿಡದ ಅಂಶ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮತ್ತು ಅಮೆರಿಕ ಖಂಡಗಳ ರೋಗ ನಿರೋಧಕ ತಳಿಗಳಲ್ಲಿ ಸೇರಿಕೊಂಡಿರುವುದನ್ನು ವಂಶಾವಳಿ ಮತ್ತು ಡಿಎನ್ಎ ಪರೀಕ್ಷೆಯಿಂದ ತೋರಿಸಿತು. ಆ ಸರಣಿಯ ಒಂದು ಕೊಂಡಿ ಕರ್ನಾಟಕಕ್ಕೂ ಬಂದಿದೆ. ಹೈದರಾಬಾದ್ ಸಮೀಪದ ಪಟಾಂಚೆರುವಿನಲ್ಲಿರುವ, ಒಣ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನಲ್ಲಿ ಕಾರ್ಡೆನಾಸಿಯ ಅಂಶವುಳ್ಳ ಐಸಿಜಿವಿ 86855 ಎಂಬ ಸಾಲು (ಸಂಕರದಿಂದ ಆರಿಸಿ ಸ್ಥಿರಗೊಳಿಸಿದ ವಂಶ) ಸಿದ್ಧವಾಗಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಿಎಸ್–16 ಎಂದೂ ಕರೆಯುವ ಆ ಸಾಲನ್ನು ಕೆಆರ್‌ಜಿ–1 ತಳಿಯೊಂದಿಗೆ ಸಂಕರಿಸಿ ಜಿಪಿಬಿಡಿ–4 ಎಂಬ ತಳಿಯನ್ನು ರೂಪಿಸಿದರು. ತುಕ್ಕು ಮತ್ತು ತಡವಾಗಿ ಬರುವ ಎಲೆಚುಕ್ಕೆ, ಎರಡನ್ನೂ ತಡೆಯುವ ಶಕ್ತಿ ಅದರಲ್ಲಿದೆ. ಪಕ್ಕದ ಸಾಲಿನ ಟಿಎಂವಿ–2 ಎಲೆ ಕಳೆದುಕೊಂಡು ಬರಿಯ ಕಡ್ಡಿಯಾಗಿ ನಿಂತಾಗಲೂ ಜಿಪಿಬಿಡಿ–4 ಕೀಳುವ ದಿನದವರೆಗೆ ಹಸಿರಾಗಿರುತ್ತದೆ. ಕಾಯಿ ಕಿತ್ತ ಮೇಲೆ ಹೊಟ್ಟೂ ಮೇವಿಗೆ ದಕ್ಕುತ್ತದೆ.

ಈ ತಳಿಯ ಮಹತ್ವ ಹೊಲಕ್ಕಷ್ಟೇ ಸೀಮಿತವಾಗಲಿಲ್ಲ. ಎಲೆರೋಗಗಳಿಗೆ ಬೇಗ ತುತ್ತಾಗುವ ಟಿಎಜಿ–24 ಮತ್ತು ಟಿಜಿ–26 ತಳಿಗಳನ್ನು ಜಿಪಿಬಿಡಿ–4ರೊಂದಿಗೆ ಸಂಕರಿಸಿ, ಹುಟ್ಟಿದ ನೂರಾರು ಸಂತತಿಗಳನ್ನು ರೋಗದ ಒತ್ತಡದಲ್ಲಿ ಬೆಳೆಸಿ, ಪ್ರತಿಯೊಂದರ ಡಿಎನ್ಎಯನ್ನೂ ಪರೀಕ್ಷಿಸಲಾಯಿತು. ಧಾರವಾಡ ಮತ್ತು ಇಕ್ರಿಸ್ಯಾಟ್ ವಿಜ್ಞಾನಿಗಳು ಜೊತೆಯಾಗಿ ಮಾಡಿದ ಈ ಕೆಲಸದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ರೋಗ ನಿರೋಧಕ ಶಕ್ತಿಯ ಬಹುಪಾಲು ಎ–03 ಎಂದು ಗುರುತಿಸುವ ವರ್ಣತಂತುವಿನ ಒಂದು ಚಿಕ್ಕ ಭಾಗದಲ್ಲಿ ಅಡಗಿತ್ತು. ಸಂತತಿಗಳ ನಡುವೆ ತುಕ್ಕು ರೋಗದಲ್ಲಿ ಕಂಡ ವ್ಯತ್ಯಾಸದ ಶೇ 80ಕ್ಕೂ ಹೆಚ್ಚು ಪಾಲನ್ನು, ಎಲೆಚುಕ್ಕೆಯಲ್ಲಿ ಶೇ 60ಕ್ಕೂ ಹೆಚ್ಚು ಪಾಲನ್ನು ಆ ಒಂದು ಭಾಗವೇ ವಿವರಿಸಬಲ್ಲದಾಗಿತ್ತು. ಇಳುವರಿಯಂತಹ ಗುಣ ಹತ್ತಾರು ಜೀನ್‌ಗಳಲ್ಲಿ ಚದುರಿಹೋಗಿರುವಾಗ ಇಷ್ಟು ದೊಡ್ಡ ಪರಿಣಾಮ ಒಂದೇ ಕಡೆ ಸಿಗುವುದು ಅಪರೂಪ. ಇದರಿಂದ ತಳಿ ಅಭಿವೃದ್ಧಿಯ ವಿಧಾನವೇ ಬದಲಾಯಿತು. ಹಿಂದೆ ಗಿಡ ರೋಗ ತಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಎರಡು ಮೂರು ತಿಂಗಳು ಕಾಯಬೇಕಿತ್ತು. ಆ ವರ್ಷ ರೋಗ ಬಾರದಿದ್ದರೆ ಇನ್ನೊಂದು ಹಂಗಾಮು ಕಾಯಬೇಕಿತ್ತು. ಈಗ ಎಳೆಯ ಸಸಿಯ ಒಂದು ಎಲೆ ಕಿತ್ತು ಪರೀಕ್ಷಿಸಿದರೆ ಸಾಕು, ಬೇಡದ ಗಿಡಗಳನ್ನು ಹೂ ಬಿಡುವ ಮೊದಲೇ ಕೈಬಿಡಬಹುದು.

ಹಾಗಾದರೆ ಜಿಪಿಬಿಡಿ–4 ಬಂದ ಮೇಲೂ ಹಳೆಯ ತಳಿಗಳು ಏಕೆ ಉಳಿದವು? ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಅದು ಚೆನ್ನಾಗಿಯೇ ಹರಡಿತು ಎಂಬುದನ್ನು ಮೊದಲು ಹೇಳಬೇಕು. ಆದರೆ ರಾಜ್ಯದ ಒಟ್ಟು ಚಿತ್ರವನ್ನು ಅದು ಬದಲಿಸಲಿಲ್ಲ. ಇದಕ್ಕೆ ರೈತರ ‘ತಿಳಿವಳಿಕೆ ಕೊರತೆ’ ಕಾರಣ ಎಂದು ವಿಸ್ತರಣಾ ಸಭೆಗಳಲ್ಲಿ ಹೇಳುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ತಳಿಯನ್ನು ಬಿಡದ ರೈತನಿಗೆ ಅವನದೇ ಆದ ಲೆಕ್ಕವಿದೆ, ಆ ಲೆಕ್ಕದಲ್ಲಿ ರೋಗ ಒಂದು ಅಂಶ ಮಾತ್ರ.

ಟಿಎಂವಿ–2 ಮತ್ತು ಜೆಎಲ್–24 ಬೇಗ ಕೈಗೆ ಬರುವ ತಳಿಗಳು. ಸೆಪ್ಟೆಂಬರ್ ಮಳೆ ಕೈಕೊಡುವ ಸೀಮೆಯಲ್ಲಿ ಹತ್ತು ದಿನ ಮುಂಚೆ ಬಲಿಯುವ ತಳಿ ಬದುಕಿಕೊಳ್ಳುತ್ತದೆ, ತಡವಾಗಿ ಬಲಿಯುವುದು ಜೊಳ್ಳಾಗುತ್ತದೆ. ಕಾಡು ಜಾತಿಗಳಿಂದ ಅಥವಾ ದಕ್ಷಿಣ ಅಮೆರಿಕದ ನಾಡ ತಳಿಗಳಿಂದ ರೋಗ ನಿರೋಧಕ ಗುಣ ತರುವಾಗ ಬೇಡದ ಗುಣಗಳೂ ಜೊತೆಗೆ ಬರುತ್ತವೆ: ಬೆಳೆಯ ಅವಧಿ ಹೆಚ್ಚುವುದು, ಸಿಪ್ಪೆ ದಪ್ಪವಾಗುವುದು, ಕಾಯಿಯ ಮೇಲಿನ ಗೆರೆಗಳು ಆಳವಾಗಿ ಮಣ್ಣು ಅಂಟುವುದು. ಮೊದಮೊದಲ ರೋಗ ನಿರೋಧಕ ತಳಿಗಳಲ್ಲಿ ಈ ದೋಷಗಳು ಎದ್ದು ಕಾಣುತ್ತಿದ್ದವು. ಎಪಿಎಂಸಿಯಲ್ಲಿ ಖರೀದಿದಾರ ಒಂದು ಹಿಡಿ ಕಾಯಿ ಸುಲಿದು, ಸಿಪ್ಪೆ ಎಷ್ಟು, ಕಾಳು ಎಷ್ಟು, ಕಾಳು ಒಂದೇ ಸಮ ಇದೆಯೇ ಎಂದು ನೋಡಿ ದರ ಕೂಗುತ್ತಾನೆ. ಅಲ್ಲಿ ಕ್ವಿಂಟಲ್‌ಗೆ ಇನ್ನೂರು ಮುನ್ನೂರು ರೂಪಾಯಿ ಕಡಿಮೆಯಾದರೆ ಹೊಲದಲ್ಲಿ ಉಳಿಸಿದ ಎಲೆಯ ಲಾಭ ಅಲ್ಲಿಯೇ ಕರಗುತ್ತದೆ. ಜಿಪಿಬಿಡಿ–4ರಲ್ಲಿ ಇಂತಹ ದೋಷಗಳು ಬಹಳ ಮಟ್ಟಿಗೆ ನೀಗಿದ್ದವು. ಆದರೆ ಹೊಸ ತಳಿ ಎಂದರೆ ಮಾರುಕಟ್ಟೆ ಏನನ್ನುತ್ತದೋ ಎಂಬ ರೈತರ ಅನುಮಾನ ಅಷ್ಟು ಬೇಗ ನೀಗುವಂಥದ್ದಲ್ಲ.

ಆದ್ದರಿಂದ ಕಳೆದ ಒಂದೂವರೆ ದಶಕದಲ್ಲಿ ನಡೆದ ಕೆಲಸದಲ್ಲಿ ನನಗೆ ಅತ್ಯಂತ ವಿವೇಕದ್ದಾಗಿ ಕಾಣುವುದು, ರೈತನ ತಳಿಯನ್ನು ಬದಲಿಸುವ ಬದಲು ಅದೇ ತಳಿಗೆ ರೋಗ ನಿರೋಧಕ ಶಕ್ತಿಯನ್ನು ಸೇರಿಸುವ ಮಾರ್ಗ. ಇಕ್ರಿಸ್ಯಾಟ್‌ನಲ್ಲಿ ಐಸಿಜಿವಿ 91114, ಜೆಎಲ್–24 ಮತ್ತು ಟಿಎಜಿ–24 ತಳಿಗಳಿಗೆ, ಧಾರವಾಡದಲ್ಲಿ ಟಿಎಂವಿ–2 ಮತ್ತು ಜೆಎಲ್–24ಕ್ಕೆ ಆ ಎ–03 ಭಾಗವನ್ನು ಸಾಗಿಸಲಾಯಿತು. ವಿಧಾನ ಹೀಗಿದೆ. ಟಿಎಂವಿ–2ನ್ನು ನಿರೋಧಕ ತಳಿಯೊಂದಿಗೆ ಸಂಕರಿಸಿ, ಹುಟ್ಟಿದ ಗಿಡವನ್ನು ಮತ್ತೆ ಟಿಎಂವಿ–2ರೊಂದಿಗೇ ಸಂಕರಿಸುತ್ತಾ ಹೋಗುವುದು. ಪ್ರತಿ ತಲೆಮಾರಿನಲ್ಲೂ ಡಿಎನ್ಎ ಗುರುತಿನ ನೆರವಿನಿಂದ ಆ ಚಿಕ್ಕ ಭಾಗ ಇರುವ ಗಿಡಗಳನ್ನಷ್ಟೇ ಉಳಿಸಿಕೊಳ್ಳುವುದು. ಎರಡು ಮೂರು ಸುತ್ತುಗಳ ನಂತರ ಸಿಗುವ ಗಿಡ ಬಹುಪಾಲು ಟಿಎಂವಿ–2 ಆಗಿಯೇ ಇರುತ್ತದೆ. ಅವಧಿ ಅದೇ, ಕಾಯಿಯ ರೂಪ ಅದೇ, ಮಾರುಕಟ್ಟೆಗೆ ಪರಿಚಿತವಾದ ಕಾಳು ಅದೇ. ತುಕ್ಕು ಮತ್ತು ಎಲೆಚುಕ್ಕೆಯನ್ನು ತಡೆಯುವ ಶಕ್ತಿ ಮಾತ್ರ ಹೊಸದು. ಇದರಲ್ಲಿ ಬೇರೆ ಜೀವಿಯ ಜೀನ್ ಸೇರಿಸುವ ಕುಲಾಂತರಿ ತಂತ್ರಜ್ಞಾನದ ಬಳಕೆಯಿಲ್ಲ. ಹೂವಿನಿಂದ ಹೂವಿಗೆ ಪರಾಗ ದಾಟಿಸುವ ಹಳೆಯ ವಿಧಾನವೇ ಇದು, ಆಯ್ಕೆ ಮಾತ್ರ ಡಿಎನ್ಎ ನೋಡಿ ನಡೆಯುತ್ತದೆ. ಹೀಗಾಗಿ ಬಿಟಿ ಹತ್ತಿ, ಬಿಟಿ ಬದನೆಯ ಸುತ್ತ ಎದ್ದ ವಿವಾದಕ್ಕೆ ಇಲ್ಲಿ ಆಸ್ಪದವಿಲ್ಲ.

ರೋಗ ತಡೆದ ಮಾತ್ರಕ್ಕೆ ಇಳುವರಿ ತಾನಾಗಿ ಏರುವುದಿಲ್ಲ. ಗಿಡ ತಯಾರಿಸಿದ ಆಹಾರದಲ್ಲಿ ಎಷ್ಟು ಪಾಲು ಕಾಯಿಗೆ ಹೋಗುತ್ತದೆ ಎಂಬುದೂ ಮುಖ್ಯ. ಈ ದಿಕ್ಕಿನಲ್ಲಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ಕೊಡುಗೆ ದೊಡ್ಡದು. ವಿಕಿರಣದಿಂದ ಬೀಜಗಳಲ್ಲಿ ಉತ್ಪರಿವರ್ತನೆ ಉಂಟುಮಾಡಿ, ಅವುಗಳಲ್ಲಿ ಉಪಯುಕ್ತವಾದವನ್ನು ಆರಿಸಿ ಸಂಕರಿಸುವ ಮೂಲಕ ಅಲ್ಲಿ ‘ಟ್ರಾಂಬೆ’ ಸರಣಿಯ ತಳಿಗಳು ಬಂದವು. 1990ರ ದಶಕದ ಆರಂಭದಲ್ಲಿ ಬಂದ ಟಿಎಜಿ–24 ಗಿಡ್ಡ ಗಿಡ. ಬಳ್ಳಿ ಕಡಿಮೆ, ಕಾಯಿ ಹೆಚ್ಚು, ಬೇಸಿಗೆಯ ನೀರಾವರಿ ಶೇಂಗಾಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೆ ಎಲೆರೋಗಗಳಿಗೆ ಅದು ಬೇಗ ತುತ್ತಾಗುತ್ತದೆ. ಜಿಪಿಬಿಡಿ–4ರೊಂದಿಗೆ ಅದನ್ನು ಸಂಕರಿಸಿದ್ದು ರೋಗದ ಜೀನ್ ಹುಡುಕಲು ಮಾತ್ರವಲ್ಲ, ಒಬ್ಬರಲ್ಲಿರುವ ಇಳುವರಿಯನ್ನೂ ಇನ್ನೊಬ್ಬರಲ್ಲಿರುವ ರಕ್ಷಣೆಯನ್ನೂ ಒಂದೇ ಗಿಡದಲ್ಲಿ ಕೂಡಿಸುವ ಆಸೆಯಿಂದಲೂ ಹೌದು. ಮಳೆಯಾಶ್ರಿತ ಪ್ರದೇಶಗಳಲ್ಲಿ ಬರ ತಾಳುವ ಗುಣವೇ ಇಳುವರಿಯನ್ನು ನಿರ್ಧರಿಸುತ್ತದೆ. ಅನಂತಪುರದ ರೈತರ ಜೊತೆಗೂಡಿ ಪರೀಕ್ಷಿಸಿದ ಐಸಿಜಿವಿ 91114, ಕದಿರಿ ಸಂಶೋಧನಾ ಕೇಂದ್ರದ ಕೆ–6, ಇತ್ತೀಚಿನ ಕದಿರಿ ಲೇಪಾಕ್ಷಿ ತಳಿಗಳು ಗಡಿ ದಾಟಿ ಪಾವಗಡ, ಚಳ್ಳಕೆರೆಗೂ ಬಂದದ್ದು ಇದೇ ಕಾರಣಕ್ಕೆ. ಲೇಪಾಕ್ಷಿಯ ಬೀಜವಂತೂ ಸರ್ಕಾರದ ವಿತರಣೆಗೆ ಕಾಯದೆ ರೈತರ ಕೈಯಿಂದ ಕೈಗೆ ಹರಡಿತು. ಹೊಸ ತಳಿಗಳನ್ನು ರೈತರು ಒಪ್ಪುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇನ್ನೊಂದು ಗುಣದ ಬಗ್ಗೆ ಚರ್ಚೆ ಕಡಿಮೆ, ಹೊಲದಲ್ಲಿ ಅದರ ಪೆಟ್ಟು ಜೋರು. ಗೊಂಚಲು ಜಾತಿಯ ಹೆಚ್ಚಿನ ತಳಿಗಳ ಕಾಳಿಗೆ ಸುಪ್ತಾವಸ್ಥೆ ಇಲ್ಲ. ಬೆಳೆ ಬಲಿತು ಕೀಳುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ಕಾಯಿ ನೆಲದೊಳಗೇ ಮೊಳೆಯುತ್ತದೆ. ಎರಡು ಮೂರು ವಾರ ಮೊಳೆಯದೆ ತಡೆದುಕೊಳ್ಳುವ ಗುಣವನ್ನು ಗೊಂಚಲು ತಳಿಗಳಿಗೆ ತರುವ ಪ್ರಯತ್ನಗಳು ನಡೆಯುತ್ತಿವೆ. ಅಕ್ಟೋಬರ್ ಮಳೆ ಹೆಚ್ಚು ಅನಿಶ್ಚಿತವಾಗುತ್ತಿರುವ ಈ ಕಾಲದಲ್ಲಿ ತಳಿ ಬಿಡುಗಡೆಗೆ ಅದನ್ನು ಒಂದು ಮುಖ್ಯ ಮಾನದಂಡವಾಗಿ ಪರಿಗಣಿಸಬೇಕು.

ಎಲೆರೋಗಗಳಲ್ಲಿ ಸಿಕ್ಕ ಯಶಸ್ಸು ಬೇರೆ ರೋಗಗಳಲ್ಲಿ ಸಿಕ್ಕಿಲ್ಲ ಎಂಬುದನ್ನೂ ಹೇಳಲೇಬೇಕು. ರಾಯಚೂರು ಭಾಗದಲ್ಲಿ ಥ್ರಿಪ್ಸ್ ನುಸಿಯಿಂದ ಹರಡುವ ಕುಡಿ ಒಣಗುವ ನಂಜುರೋಗಕ್ಕೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯದಿಂದ ಸಹಿಷ್ಣು ತಳಿಗಳು ಬಂದಿವೆ. ಆದರೆ 2000ನೇ ಇಸವಿಯಲ್ಲಿ ಅನಂತಪುರ ಜಿಲ್ಲೆಯ ಎರಡು ಲಕ್ಷಕ್ಕೂ ಹೆಚ್ಚು ಹೆಕ್ಟೇರ್ ಶೇಂಗಾವನ್ನು ಹಾಳುಗೆಡವಿ 300 ಕೋಟಿ ರೂಪಾಯಿಗೂ ಮಿಕ್ಕಿ ನಷ್ಟ ಮಾಡಿದ ಕಾಂಡ ಒಣಗುವ ರೋಗವೂ ನಂಜಾಣುವಿನದೇ. ಬದುಗಳ ಮೇಲೆ ಬೆಳೆಯುವ ಕಾಂಗ್ರೆಸ್ ಹುಲ್ಲಿನ ಪರಾಗದಲ್ಲಿ ಆ ನಂಜಾಣು ಅಡಗಿರುತ್ತದೆ, ಥ್ರಿಪ್ಸ್‌ಗಳು ಆ ಪರಾಗವನ್ನು ಶೇಂಗಾ ಎಲೆಯ ಮೇಲೆ ತಂದು ಹಾಕುತ್ತವೆ. ಇದಕ್ಕೆ ಶೇಂಗಾ ತಳಿಗಳಲ್ಲಿ ಗಟ್ಟಿಯಾದ ನಿರೋಧಕ ಶಕ್ತಿ ಕಾಣಲಿಲ್ಲ. ಹೀಗಾಗಿ ಬದುಗಳಲ್ಲಿ ಹೂ ಬಿಡುವ ಮೊದಲೇ ಕಾಂಗ್ರೆಸ್ ಹುಲ್ಲು ಕೀಳುವುದು, ಹೊಲದ ಸುತ್ತ ಜೋಳ ಅಥವಾ ಸಜ್ಜೆಯ ಸಾಲು ಹಾಕುವುದು ತಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಮಣ್ಣಿನಿಂದ ಬರುವ ಬುಡಕೊಳೆ ಮತ್ತು ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪಾದಿಸುವ ಶಿಲೀಂಧ್ರದ ವಿರುದ್ಧವೂ ಪೂರ್ಣ ರಕ್ಷಣೆ ಕೊಡುವ ತಳಿ ಇನ್ನೂ ಇಲ್ಲ. ನೇರ ಸೇವನೆಯ ಶೇಂಗಾದಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 4 ಮೈಕ್ರೋಗ್ರಾಂ ಮೀರಬಾರದು ಎಂದು ಐರೋಪ್ಯ ಒಕ್ಕೂಟ ಮಿತಿ ಹಾಕಿರುವಾಗ ಬೆಳೆಯ ಕೊನೆಯಲ್ಲಿ ಬರುವ ಬರವೂ, ಸರಿಯಾಗಿ ಒಣಗಿಸದೆ ರಾಶಿ ಹಾಕುವ ರೂಢಿಯೂ ರಫ್ತಿನ ಬಾಗಿಲು ಮುಚ್ಚಿಸುತ್ತವೆ.

ಎಣ್ಣೆಯ ಗುಣದಲ್ಲಿ ಮಾತ್ರ ದೊಡ್ಡ ಜಿಗಿತವಾಗಿದೆ. ಜುನಾಗಢದ ಶೇಂಗಾ ಸಂಶೋಧನಾ ನಿರ್ದೇಶನಾಲಯ ಮತ್ತು ಇಕ್ರಿಸ್ಯಾಟ್ ಸೇರಿ ರೂಪಿಸಿದ ಗಿರ್ನಾರ್–4 ಮತ್ತು ಗಿರ್ನಾರ್–5 ತಳಿಗಳನ್ನು 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರಕ್ಕೆ ಅರ್ಪಿಸಲಾಯಿತು. ಸಾಮಾನ್ಯ ಶೇಂಗಾ ಎಣ್ಣೆಯಲ್ಲಿ ಶೇ 45–50ರಷ್ಟಿರುವ ಓಲಿಕ್ ಆಮ್ಲ ಇವುಗಳಲ್ಲಿ ಶೇ 80ರ ಸಮೀಪಕ್ಕೆ ಏರಿದೆ. ಎಣ್ಣೆ ಬೇಗ ಕಮಟು ಹಿಡಿಯುವುದಿಲ್ಲ. ಚಿಕ್ಕಿ, ಹುರಿದ ಶೇಂಗಾ, ಶೇಂಗಾ ಬೆಣ್ಣೆಯಂತಹ ಉತ್ಪನ್ನಗಳ ಬಾಳಿಕೆ ಹೆಚ್ಚುತ್ತದೆ. ಆದರೆ ಈ ಲಾಭ ಸಿಗುವುದು ಆ ಉತ್ಪನ್ನಗಳನ್ನು ತಯಾರಿಸುವ ಕಂಪನಿಗೆ. ಸರ್ಕಾರದ ಬೆಂಬಲ ಬೆಲೆ (2025–26ಕ್ಕೆ ಕ್ವಿಂಟಲ್‌ಗೆ 7,263 ರೂಪಾಯಿ) ಎಲ್ಲ ಶೇಂಗಾಕ್ಕೂ ಒಂದೇ. ಪ್ರತ್ಯೇಕವಾಗಿ ಖರೀದಿಸಿ ಹೆಚ್ಚಿನ ದರ ಕೊಡುವ ಒಪ್ಪಂದವಿಲ್ಲದೆ ರೈತ ಈ ತಳಿಯನ್ನು ಬೇರೆಯದರೊಂದಿಗೆ ಬೆರೆಯದಂತೆ ಏಕೆ ಕಾಪಾಡಬೇಕು?

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಬೀಜದ ಬಳಿ. ಮೆಕ್ಕೆಜೋಳಕ್ಕೆ ಎಕರೆಗೆ ಏಳೆಂಟು ಕಿಲೋ ಬೀಜ ಸಾಕು, ಶೇಂಗಾಕ್ಕೆ ಸುಲಿದ ಕಾಳೇ 50 ಕಿಲೋದಷ್ಟು ಬೇಕು. ಮೆಕ್ಕೆಜೋಳದ ಬೀಜ ನೂರಾರು ಪಟ್ಟು ವೃದ್ಧಿಯಾಗುತ್ತದೆ. ಶೇಂಗಾ ಎಂಟು ಹತ್ತು ಪಟ್ಟು ಮಾತ್ರ. ಲೆಕ್ಕ ಹಾಕಿ ನೋಡಿದರೆ ಸಮಸ್ಯೆಯ ಆಳ ತಿಳಿಯುತ್ತದೆ. ವಿಶ್ವವಿದ್ಯಾಲಯವು ಹೊಸ ತಳಿಯ 10 ಕ್ವಿಂಟಲ್ ತಳಿವರ್ಧಕ ಬೀಜ ಕೊಟ್ಟಿತು ಎಂದುಕೊಳ್ಳೋಣ. ಎಂಟು ಪಟ್ಟಿನ ಲೆಕ್ಕದಲ್ಲಿ ಮುಂದಿನ ಹಂತದಲ್ಲಿ ಅದು 80 ಕ್ವಿಂಟಲ್ ಮೂಲ ಬೀಜವಾಗುತ್ತದೆ, ಅದರ ಮುಂದಿನ ಹಂತದಲ್ಲಿ 640 ಕ್ವಿಂಟಲ್ ಪ್ರಮಾಣಿತ ಬೀಜ. ಇದು ಕಾಯಿಯ ತೂಕ, ಸಿಪ್ಪೆ ಕಳೆದರೆ ಕಾಳು ಉಳಿಯುವುದು ಸುಮಾರು ಶೇ 70ರಷ್ಟು. ಒಂದು ಕಾಯಿಯೂ ತಿರಸ್ಕೃತವಾಗದೆ ಎಲ್ಲವೂ ಬಿತ್ತನೆಗೆ ಹೋದರೂ ಅದು ಸಾಕಾಗುವುದು ಒಂಬೈನೂರು ಎಕರೆಗಿಂತ ಕಡಿಮೆ ಪ್ರದೇಶಕ್ಕೆ. ಚಳ್ಳಕೆರೆ ತಾಲ್ಲೂಕೊಂದರಲ್ಲೇ ಶೇಂಗಾ ಬಿತ್ತನೆ ಇದರ ಎಷ್ಟೋ ಪಟ್ಟು. ಇದರ ಮೇಲೆ ಶೇಂಗಾ ಬೀಜ ಗಾತ್ರದಲ್ಲಿ ದೊಡ್ಡದು, ಸಾಗಣೆ ದುಬಾರಿ, ಸುಲಿದು ಇಟ್ಟರೆ ಮೊಳಕೆ ಶಕ್ತಿ ಬೇಗ ಕುಗ್ಗುತ್ತದೆ, ಗೋದಾಮಿನಲ್ಲಿ ಕಾಯಿ ಕೊರೆಯುವ ಹುಳು ಬೇರೆ. ತನ್ನದೇ ಪರಾಗದಿಂದ ಫಲಿಸುವ ಬೆಳೆಯಾದ್ದರಿಂದ ರೈತ ತಾನು ಬೆಳೆದದ್ದನ್ನೇ ಮುಂದಿನ ವರ್ಷ ಬಿತ್ತಬಹುದು, ಪ್ರತಿ ವರ್ಷ ಖರೀದಿ ಖಚಿತವಾಗಿರುವ ಹೈಬ್ರಿಡ್‌ನಂತೆ ಇದರಲ್ಲಿ ಖಾಸಗಿ ಕಂಪನಿಗೆ ಲಾಭವಿಲ್ಲ. ಹಾಗಾಗಿ ಖಾಸಗಿಯವರು ಬರುವುದಿಲ್ಲ, ಸರ್ಕಾರದ ಬೀಜ ನಿಗಮಗಳ ಸಾಮರ್ಥ್ಯ ಸಾಲುವುದಿಲ್ಲ. ಬೇಡಿಕೆ ಪಟ್ಟಿಯಲ್ಲಿ ಯಾವ ತಳಿಯ ಬೀಜ ಹೇರಳವಾಗಿ ಸಿಗುತ್ತದೋ ಅದನ್ನೇ ಬರೆಯಲಾಗುತ್ತದೆ. ಹೇರಳವಾಗಿ ಸಿಗುವುದು ಹಳೆಯ ತಳಿಯೇ. ಟಿಎಂವಿ–2ರ ದೀರ್ಘಾಯುಷ್ಯದ ಅರ್ಧ ಗುಟ್ಟು ಇದರಲ್ಲಿದೆ.

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ 1990ರ ದಶಕದಲ್ಲಿ ಎಲೆ ಮಚ್ಚೆಯ ನಂಜುರೋಗವೊಂದು ಶೇಂಗಾಕ್ಕೆ ಬಡಿದಾಗ, ಅದನ್ನು ತಾಳಿಕೊಳ್ಳುವ ಜಾರ್ಜಿಯಾ ಗ್ರೀನ್ ಎಂಬ ತಳಿ ಕೆಲವೇ ವರ್ಷಗಳಲ್ಲಿ ಹಳೆಯ ಫ್ಲೋರನ್ನರ್ ತಳಿಯ ಜಾಗ ಹಿಡಿಯಿತು, ಆಮೇಲೆ ಜಾರ್ಜಿಯಾ–06ಜಿ ಅದರ ಜಾಗಕ್ಕೆ ಬಂತು. ಅಲ್ಲಿನ ದೊಡ್ಡ ಹಿಡುವಳಿ, ಸಂಘಟಿತ ಬೀಜೋದ್ಯಮ ನಮ್ಮಲ್ಲಿಲ್ಲ. ನಮ್ಮಲ್ಲಿರುವುದು ಗ್ರಾಮ ಮಟ್ಟದಲ್ಲಿ ಬೀಜ ಬೆಳೆಯಬಲ್ಲ ರೈತರು ಮತ್ತು ರೈತ ಉತ್ಪಾದಕ ಕಂಪನಿಗಳು. ಬೇಸಿಗೆಯಲ್ಲಿ ನೀರಾವರಿಯಿರುವ ಕಡೆ ಬೀಜಕ್ಕಾಗಿಯೇ ಶೇಂಗಾ ಬೆಳೆಸಿ, ಅದನ್ನು ಮುಂಗಾರಿಗೆ ಮಳೆಯಾಶ್ರಿತ ಹಳ್ಳಿಗಳಿಗೆ ನೇರವಾಗಿ ಕೊಟ್ಟರೆ ವರ್ಷಕ್ಕೆ ಎರಡು ಬಾರಿ ವೃದ್ಧಿ ಸಾಧ್ಯ. ತಾಜಾ ಬೀಜ ಆದ್ದರಿಂದ ಮೊಳಕೆಯೂ ಚೆನ್ನಾಗಿರುತ್ತದೆ. ಹೊಸ ಮಿಷನ್‌ನ ಹಣದಲ್ಲಿ ದೊಡ್ಡ ಪಾಲು ಈ ಸರಪಳಿಗೆ ಹೋಗಬೇಕು: ಕಾಯಿ ಸುಲಿಯುವ ಯಂತ್ರ, ಒಣ ಗೋದಾಮು, ಬೀಜ ಬೆಳೆಗಾರರಿಗೆ ಮಾರುಕಟ್ಟೆ ದರಕ್ಕಿಂತ ಹೆಚ್ಚಿನ ಖಚಿತ ಬೆಲೆ. ಹೊಸ ತಳಿಗಳ ಉಚಿತ ಕಿರುಚೀಲಗಳನ್ನು ಸಮಾರಂಭದಲ್ಲಿ ಹಂಚುವುದರಿಂದ ಫೋಟೊ ಸಿಗುತ್ತದೆ, ಆ ಬೀಜ ಮರುವರ್ಷ ಯಾರ ಹೊಲದಲ್ಲೂ ಕಾಣುವುದಿಲ್ಲ.

ಬೀಜ ಹರಡಿದ ಮೇಲೂ ಒಂದು ಅಪಾಯ ಉಳಿಯುತ್ತದೆ, ಅದಕ್ಕೆ ಈಗಿನಿಂದಲೇ ಸಿದ್ಧವಾಗಬೇಕು. ಜಿಪಿಬಿಡಿ–4 ಮತ್ತು ಅದರಿಂದ ಬಂದ ಸುಧಾರಿತ ತಳಿಗಳ ರಕ್ಷಣೆಯ ಬಹುಭಾಗ ಆ ಒಂದೇ ಕಾಡು ಗಿಡದ, ಒಂದೇ ವರ್ಣತಂತುವಿನ ಭಾಗದ ಮೇಲೆ ನಿಂತಿದೆ. ಅದು ರೋಗವನ್ನು ಪೂರ್ತಿ ತಡೆಯುವುದಿಲ್ಲ, ಚುಕ್ಕೆಗಳ ಸಂಖ್ಯೆಯನ್ನೂ ರೋಗ ಹರಡುವ ವೇಗವನ್ನೂ ಕುಗ್ಗಿಸುತ್ತದೆ. ಹಾಗಾಗಿ ಅದು ಹಠಾತ್ತನೆ ಮುರಿದು ಬೀಳುವ ಸಾಧ್ಯತೆ ಕಡಿಮೆ ಎಂಬ ಭರವಸೆ ಇದೆ. ಆದರೂ ಲಕ್ಷಾಂತರ ಎಕರೆಯಲ್ಲಿ ಒಂದೇ ಬಗೆಯ ರಕ್ಷಣೆ ಇದ್ದರೆ ಅದನ್ನು ಭೇದಿಸುವ ಶಿಲೀಂಧ್ರ ಮುಂದೆ ಬರಲಾರದು ಎಂದು ಯಾವ ತಳಿ ವಿಜ್ಞಾನಿಯೂ ಹೇಳಲಾರ. ಬೇರೆ ಕಾಡು ಜಾತಿಗಳನ್ನು ಸಂಕರಿಸಿ ಕೃತಕವಾಗಿ 40 ವರ್ಣತಂತುಗಳ ಗಿಡಗಳನ್ನು ಸೃಷ್ಟಿಸಿ, ಅವುಗಳಿಂದ ಹೊಸ ನಿರೋಧಕ ಗುಣಗಳನ್ನು ತರುವ ಕೆಲಸ ಇಕ್ರಿಸ್ಯಾಟ್‌ನಲ್ಲಿ ನಡೆದಿದೆ. 2016ರಲ್ಲಿ ಪೂರ್ವಜ ಜಾತಿಗಳ, 2019ರಲ್ಲಿ ಶೇಂಗಾದ್ದೇ ಸಂಪೂರ್ಣ ಜೀನೋಮ್ (ಡಿಎನ್ಎಯ ಪೂರ್ಣ ನಕ್ಷೆ) ಪ್ರಕಟವಾದ ಮೇಲೆ ಈ ಹುಡುಕಾಟ ಬಹಳ ಸುಲಭವಾಗಿದೆ. ಕಷ್ಟವಾಗಿರುವುದು ಕಾಡು ಬೀಜಗಳನ್ನು ಪಡೆಯುವುದು. 1990ರ ದಶಕದ ನಂತರ ಜೀವವೈವಿಧ್ಯ ಒಪ್ಪಂದದ ಅಡಿಯಲ್ಲಿ ದೇಶಗಳು ತಮ್ಮ ಸಸ್ಯ ಸಂಪತ್ತಿನ ಮೇಲೆ ಹಕ್ಕು ಸ್ಥಾಪಿಸಿಕೊಂಡವು. ಅದು ನ್ಯಾಯವಾದದ್ದೇ. ಆದರೆ ಬೆಳೆ ಬೀಜಗಳ ಪರಸ್ಪರ ವಿನಿಮಯಕ್ಕಾಗಿ 2001ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಒಪ್ಪಂದದ ಮೂಲ ಪಟ್ಟಿಯಲ್ಲಿ ಭತ್ತ, ಗೋಧಿ, ಜೋಳದ ಹೆಸರಿದ್ದರೂ ಶೇಂಗಾದ ಹೆಸರಿಲ್ಲ. ಹೀಗಾಗಿ ಹೊಸದಾಗಿ ಸಂಗ್ರಹವಾಗುವ ಕಾಡು ಶೇಂಗಾ ಬೊಲಿವಿಯಾ ಅಥವಾ ಬ್ರೆಜಿಲ್‌ನಿಂದ ಧಾರವಾಡಕ್ಕೆ ಬರಲು ಪ್ರತಿ ಬಾರಿಯೂ ಪ್ರತ್ಯೇಕ ಮಾತುಕತೆ ಬೇಕಾಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ವಿಸ್ತೀರ್ಣದಲ್ಲಿ ಶೇಂಗಾ ಬೆಳೆಯುವ ದೇಶಗಳಲ್ಲಿ ಮುಂಚೂಣಿಯಲ್ಲಿರುವ ಭಾರತ, ಶೇಂಗಾದ ತವರು ದೇಶಗಳಿಗೆ ಲಾಭದ ನ್ಯಾಯಯುತ ಪಾಲು ಸಿಗುವಂತೆ ನೋಡಿಕೊಂಡು, ಈ ಬೆಳೆಯನ್ನು ಆ ಪಟ್ಟಿಗೆ ಸೇರಿಸುವ ಪ್ರಸ್ತಾವಕ್ಕೆ ತಾನೇ ಮುಂದಾಳಾಗಬೇಕು.